ನೀತಿಗೆ ಮೊದಲು ಬೀದಿ

ಮಕ್ಕಳಿಗೊಂದು ಕಾದಂಬರಿ ಬರೆಯುತ್ತಿದ್ದೇನೆ ಎಂದು ಯಾರಾದರೂ ಬಾಯಿಬಿಟ್ಟರೆ ಎದುರಿನವರು ಕೇಳುವ ಮೊದಲ ಪ್ರಶ್ನೆ ‘ಅದರಲ್ಲಿ ನೀತಿ ಏನು?’ ಎಂಬುದು. ದೊಡ್ಡವರಿಗೆ ಬರೆಯುವವರನ್ನು ಯಾರೂ ಹೀಗೆ ಹಿಡಿದು ನಿಲ್ಲಿಸುವುದಿಲ್ಲ. ಪ್ರಕಾಶಕರು ಕೇಳುತ್ತಾರೆ, ಶಾಲೆಗೆ ಪುಸ್ತಕ ಆರಿಸುವವರು ಕೇಳುತ್ತಾರೆ, ಮೊಮ್ಮಗಳಿಗೆಂದು ಗಾಂಧಿ ಬಜಾರಿನ ಅಂಗಡಿಗೆ ಬಂದ ತಾತನೂ ಪುಸ್ತಕದ ಬೆನ್ನು ತಿರುಗಿಸಿ ಅದನ್ನೇ ಹುಡುಕುತ್ತಾರೆ. ಹಾಗಾಗಿ ಬರೆಯುವವರೂ ಅಲ್ಲಿಂದಲೇ ಹೊರಡುತ್ತಾರೆ. ಮೊದಲು ಸಂದೇಶ, ಆಮೇಲೆ ಅದನ್ನು ಹೊರಲು ಒಬ್ಬ ಹುಡುಗ, ಕೊನೆಗೆ ಅವನು ನಿಲ್ಲಲು ಯಾವುದೋ ಒಂದು ಊರು. ಈ ಕ್ರಮವೇ ತಲೆಕೆಳಗು ಎನ್ನುವುದು ನನ್ನ ವಾದ.

ಇದಕ್ಕೆ ಬೆಂಗಳೂರಿನಲ್ಲೇ ಸಾಕ್ಷ್ಯವಿದೆ. 1930ರ ಸುಮಾರಿಗೆ ಸೆಪ್ಟೆಂಬರಿನ ಒಂದು ದಿನ, ಅಜ್ಜಿ ನೋಡಿಕೊಟ್ಟ ಶುಭಮುಹೂರ್ತದಲ್ಲಿ, ಆರ್.ಕೆ. ನಾರಾಯಣ್ ಇದೇ ಊರಿನಲ್ಲಿ ಒಂದು ನೋಟ್‌ಬುಕ್ ಕೊಂಡು ಕಾದಂಬರಿಯ ಮೊದಲ ಸಾಲು ಬರೆದರು. ಆಗ ಅವರಿಗೆ ಮೊದಲು ಕಂಡದ್ದು ಒಂದು ಪುಟ್ಟ ರೈಲ್ವೆ ನಿಲ್ದಾಣ, ಆ ಊರಿನ ಹೆಸರು ಮಾಲ್ಗುಡಿ. ಸ್ವಾಮಿ ಎಂಬ ಹುಡುಗ ಕಂಡದ್ದೂ ಆ ನಿಲ್ದಾಣದಲ್ಲೇ. ಅವನ ಗೆಳೆಯರಾದ ಮಣಿ, ರಾಜಂ ಬಂದದ್ದು ಆಮೇಲೆ. ಮಲ್ಲೇಶ್ವರದ ತಲೆ, ಬಸವನಗುಡಿಯ ಬಾಲ ಸೇರಿ ಮಾಲ್ಗುಡಿಯಾಯಿತು ಎಂದು ನಮ್ಮವರು ಹೇಳಿಕೊಳ್ಳುವುದುಂಟು. ಅದು ಊರಭಿಮಾನದ ಮಾತು, ಅಷ್ಟಕ್ಕೇ ಬಿಡೋಣ. 1935ರಲ್ಲಿ ಅಚ್ಚಾದ ಆ ಕಾದಂಬರಿಯಲ್ಲಿ ಸ್ವಾಮಿ ಊರು ಬಿಟ್ಟು ಓಡುತ್ತಾನೆ, ಕಾಡಿನಲ್ಲಿ ದಾರಿ ತಪ್ಪುತ್ತಾನೆ, ಕ್ರಿಕೆಟ್ ಪಂದ್ಯ ತಪ್ಪಿಸಿಕೊಳ್ಳುತ್ತಾನೆ, ಗೆಳೆಯ ರಾಜಂ ಮುನಿದುಕೊಳ್ಳುತ್ತಾನೆ. ಊರು ಬಿಟ್ಟು ಹೊರಟ ರಾಜಂಗೆ ಕೊಡಲೆಂದು ಸ್ವಾಮಿ ರೈಲ್ವೆ ನಿಲ್ದಾಣಕ್ಕೆ ಓಡಿಬಂದಾಗ ಅವನ ಕೈಯಲ್ಲಿರುವುದು ಆಂಡರ್ಸನ್ ಕಥೆಗಳ ಪುಸ್ತಕ. ರಾಜಂ ಕ್ಷಮಿಸಿದನೋ ಇಲ್ಲವೋ, ಕಾದಂಬರಿ ಖಚಿತವಾಗಿ ಹೇಳುವುದಿಲ್ಲ. ಮನೆಬಿಟ್ಟು ಓಡಬಾರದು ಎಂಬ ಉಪದೇಶಕ್ಕೆ ಇಷ್ಟು ಒಳ್ಳೆಯ ಜಾಗ ಇನ್ನೊಂದು ಸಿಗುವುದಿಲ್ಲ. ನಾರಾಯಣ್ ಅದನ್ನು ಖಾಲಿ ಬಿಟ್ಟರು.

ಅದು ಮಕ್ಕಳ ಕುರಿತ ಕಾದಂಬರಿಯೇ ಹೊರತು ಮಕ್ಕಳಿಗಾಗಿ ಬರೆದದ್ದಲ್ಲ ಎನ್ನಬಹುದು. ಸರಿ, ಮಕ್ಕಳಿಗಾಗಿಯೇ ಬರೆದ ಕುವೆಂಪು ಅವರ ‘ಕಿಂದರಿ ಜೋಗಿ’ಯನ್ನು ನೋಡಿ. ಕಥೆ ಸಿದ್ಧವಾಗಿತ್ತು, 1842ರ ಬ್ರೌನಿಂಗನ ಕವಿತೆ. ಕುವೆಂಪು ಮೊದಲು ಮಾಡಿದ್ದು ಊರು ಕಟ್ಟುವ ಕೆಲಸ. ಜರ್ಮನಿಯ ಹ್ಯಾಮೆಲಿನ್ ಬೊಮ್ಮನಹಳ್ಳಿಯಾಯಿತು, ಅಲ್ಲಿನ ನದಿ ನಮ್ಮ ತುಂಗೆಯಾಯಿತು, ನಗರದ ಮೇಯರ್ ಹಳ್ಳಿಯ ಗೌಡನಾದ. ಊರು ನೆಲೆ ನಿಂತ ಮೇಲೆ ಇಲಿಗಳು ಎಲ್ಲೆಲ್ಲಿ ನುಗ್ಗಬೇಕು ಎಂಬುದಕ್ಕೆ ಲೆಕ್ಕವೇ ಇಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂಬ ನೀತಿ ಅಲ್ಲಿ ಇಲ್ಲವೇ? ಇದೆ. ಆದರೆ ಮಗುವಿನ ತಲೆಯಲ್ಲಿ ಉಳಿಯುವುದು ಬಾಯಿ ತೆರೆದ ಬೆಟ್ಟ, ಹಿಂದೆ ಉಳಿದ ಕುಂಟ ಹುಡುಗ. ಮಕ್ಕಳಿಗೆ ದುಃಖವಾದೀತೆಂದು ಆ ಹುಡುಗನನ್ನೂ ಕುವೆಂಪು ಒಳಗೆ ಸೇರಿಸಿಬಿಡಲಿಲ್ಲ.

ಇಲ್ಲಿ ನನ್ನ ವಾದಕ್ಕೆ ಬಲವಾದ ಅಡ್ಡಿಯೊಂದಿದೆ: ಪಂಚತಂತ್ರ. ದಡ್ಡ ರಾಜಕುಮಾರರಿಗೆ ಬುದ್ಧಿ ಕಲಿಸಲೆಂದೇ ಹುಟ್ಟಿದ ಕಥೆಗಳಲ್ಲವೇ ಅವು? ಹನ್ನೊಂದನೆಯ ಶತಮಾನದಲ್ಲೇ ದುರ್ಗಸಿಂಹ ಕನ್ನಡಕ್ಕೆ ತಂದ ಆ ಕಥೆಗಳನ್ನು ಇಂದಿಗೂ ಮಕ್ಕಳು ಕೇಳುತ್ತಾರೆ. ಆದರೆ ಅಲ್ಲಿನ ನೀತಿ ನಾವು ಇಂದು ಮಕ್ಕಳ ಪುಸ್ತಕಕ್ಕೆ ಬೇಡುವ ಸಾಧುತನವಲ್ಲ, ಬದುಕಿಕೊಳ್ಳುವ ಚಾತುರ್ಯ. ಮೋಸಗಾರ ಕೊಕ್ಕರೆಯ ಕತ್ತನ್ನು ಏಡಿ ಕತ್ತರಿಸುತ್ತದೆ. ಯಾರೂ ಕ್ಷಮೆ ಕೇಳುವುದಿಲ್ಲ. ಇಂದು ಅದೇ ಕಥೆಯನ್ನು ಹೊಸದಾಗಿ ಬರೆದು ಕಳಿಸಿದರೆ ಏಡಿಗೂ ಕೊಕ್ಕರೆಗೂ ಸ್ನೇಹ ಮಾಡಿಸಿ ತನ್ನಿ ಎಂದು ಹಸ್ತಪ್ರತಿ ಹಿಂದಿರುಗುತ್ತದೇನೋ.

ಹಾಗಾದರೆ ರೂಪರೇಷೆ ಬೇಡವೇ? ಬೇಕು. ದೊಡ್ಡವರ ಕಾದಂಬರಿಗಿಂತ ಹೆಚ್ಚೇ ಬೇಕು, ಏಕೆಂದರೆ ಒಂಬತ್ತು ವರ್ಷದ ಓದುಗ ಸಡಿಲವಾದ ಮೂರು ಪುಟ ಸಹಿಸುವುದಿಲ್ಲ. ಪ್ರಶ್ನೆ ಇರುವುದು ಏನನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದರಲ್ಲಿ.

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ತೆಗೆದುಕೊಳ್ಳೋಣ. ನೀತಿಯಿಂದ ಹೊರಟ ರೂಪರೇಷೆ ಹೀಗಿರುತ್ತದೆ: ಹುಡುಗಿ ಜನಜಂಗುಳಿಯಲ್ಲಿ ದುಡ್ಡು ಕಳೆದುಕೊಳ್ಳುತ್ತಾಳೆ, ಬಡ ಕಡಲೆಕಾಯಿ ವ್ಯಾಪಾರಿ ಅದನ್ನು ಹುಡುಕಿ ಕೊಡುತ್ತಾನೆ, ಪ್ರಾಮಾಣಿಕತೆ ಗೆಲ್ಲುತ್ತದೆ. ಎರಡನೆಯ ಪುಟಕ್ಕೇ ಮಗುವಿಗೆ ಕೊನೆ ತಿಳಿದುಹೋಗಿರುತ್ತದೆ. ಇನ್ನೊಂದು ದಾರಿ ಇದೆ. ಹಿಂದೆ ಸುಂಕೇನಹಳ್ಳಿಯ ಹೊಲಗಳಲ್ಲಿ ಕಡಲೆಕಾಯಿ ಬೆಳೆಯನ್ನು ಬಸವ ಮೇಯುತ್ತಿತ್ತು, ಅದಕ್ಕೇ ರೈತರು ಮೊದಲ ಫಸಲನ್ನು ಅದಕ್ಕೆ ಒಪ್ಪಿಸುವುದು ಎಂದು ಅಜ್ಜಿ ಹೇಳಿದ್ದಾರೆ. ನಾಲ್ಕನೇ ಕ್ಲಾಸಿನ ಹುಡುಗಿಗೆ ಒಂದೇ ಆಸೆ: ರಾತ್ರಿ ಎಲ್ಲರೂ ಹೋದ ಮೇಲೆ ಗುಡಿಯ ಬಸವ ಎದ್ದು ತಿನ್ನುತ್ತದೋ ಇಲ್ಲವೋ ನೋಡಬೇಕು. ಈ ಆಸೆ ಸಿಕ್ಕಿತೆಂದರೆ ಕಥೆಗೆ ಕಾಲು ಬಂದಂತೆ.

ಈಗ ಗೊತ್ತುಮಾಡಿಕೊಳ್ಳಬೇಕಾದದ್ದು ಬೀದಿ ಮತ್ತು ಗಂಟೆ. ಕಾರ್ತಿಕದ ಕಡೆಯ ಸೋಮವಾರ, ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ. ಹಸಿಯದು ಎಲ್ಲಿ, ಹುರಿದದ್ದು ಎಲ್ಲಿ, ಬತ್ತಾಸು ಬುರುಗಿನ ಅಂಗಡಿ ಎಲ್ಲಿ? ಮನೆ ಗವಿಪುರದಲ್ಲಿದ್ದರೆ ಅಜ್ಜಿಯ ಕೈ ಬಿಡಿಸಿಕೊಳ್ಳುವುದು ಯಾವ ತಿರುವಿನಲ್ಲಿ? ಕಹಳೆ ಬಂಡೆಯ ಯಾವ ಸಂದಿಯಲ್ಲಿ ಕೂತರೆ ಕಾಣಿಸುವುದಿಲ್ಲ? ಬೆನ್ನು ಬಿಡದ ತಮ್ಮನ ಬಾಯಿ ಮುಚ್ಚಿಸಲು ಎಷ್ಟು ಕಡಲೆಕಾಯಿ ಬೇಕು, ಅವನ ಪೀಪಿ ಯಾವ ಕೆಟ್ಟ ಗಳಿಗೆಯಲ್ಲಿ ಕೂಗಬೇಕು? ಇವಕ್ಕೆಲ್ಲ ಉತ್ತರ ಬರೆದಿಟ್ಟುಕೊಂಡೇ ಕರಡಿಗೆ ಕೂರಬೇಕು, ಒಮ್ಮೆ ಪರಿಷೆಯಲ್ಲಿ ಆ ಹುಡುಗಿಯ ಎತ್ತರಕ್ಕೆ ಬಗ್ಗಿ ನಡೆದು ನೋಡಿಯೇ ಬರೆಯಬೇಕು. ಬಿಡಬೇಕಾದದ್ದು ಒಂದೇ: ಅವಳು ಕೊನೆಗೆ ಏನು ನೋಡಿದಳು ಎಂಬುದು. ಅಲ್ಲಿ ಲೇಖಕರಿಗೆ ಎರಡು ಆಮಿಷ ಕಾದಿರುತ್ತವೆ. ಚಿಕ್ಕಪ್ಪ ಬಂದು ‘ಇದೆಲ್ಲ ಮೂಢನಂಬಿಕೆ ಪುಟ್ಟೀ’ ಎನ್ನುವುದು ಒಂದು, ಬಸವ ಪ್ರತ್ಯಕ್ಷವಾಗಿ ಹರಸುವುದು ಇನ್ನೊಂದು. ಎರಡೂ ಬೇರೆ ಬೇರೆ ಅಂಗಿ ತೊಟ್ಟ ಉಪದೇಶಗಳೇ. ಬೆಳಗಾದಾಗ ಬಸವನ ಕಾಲ ಬಳಿ ಒಂದಿಷ್ಟು ಸಿಪ್ಪೆ ಮಾತ್ರ ಬಿದ್ದಿತ್ತು ಎಂದು ಕರಡೇ ಒಂದು ದಿನ ಹೇಳೀತು, ಅಥವಾ ಅದಕ್ಕಿಂತ ಒಳ್ಳೆಯದನ್ನು ಹೇಳೀತು.

ಇಲ್ಲೊಂದು ನಿಜವಾದ ತೊಡಕಿದೆ. ಕಥೆ ನಡೆಯಬೇಕಾದರೆ ಮಗು ಒಂಟಿಯಾಗಿ ಹೊರಗಿರಬೇಕು. ಇಂದಿನ ಬಸವನಗುಡಿಯ ಮಗು ಫ್ಲ್ಯಾಟಿನಿಂದ ಸ್ಕೂಲ್ ವ್ಯಾನಿಗೆ, ವ್ಯಾನಿನಿಂದ ಟ್ಯೂಷನ್ನಿಗೆ ಹೋಗುತ್ತದೆ. ಎರಡು ನಿಮಿಷ ತಡವಾದರೆ ಅಮ್ಮನ ಮೊಬೈಲ್ ಬಡಿದುಕೊಳ್ಳುತ್ತದೆ. ಈಚಿನ ವರ್ಷಗಳಲ್ಲಿ ಸಾಹಿತ್ಯ ಅಕಾದೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕನ್ನಡ ಪುಸ್ತಕಗಳನ್ನು ನೋಡಿ: 2011ರಲ್ಲಿ ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’, 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ಸಿದ್ದಾಪುರದ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’. ಶೀರ್ಷಿಕೆಗಳಲ್ಲೇ ಊರು, ಓಟ, ಗುಹೆ ಇವೆ. ರಾಜಧಾನಿಯ ಹಳೆಯ ಬಡಾವಣೆಗಳು ಈ ಪಟ್ಟಿಯಲ್ಲಿ ಹಿಂದೆ ಬಿದ್ದಿದ್ದರೆ ಪ್ರತಿಭೆಯ ಕೊರತೆಯಿಂದಲ್ಲ, ಅಲ್ಲಿನ ಮಕ್ಕಳಿಗೆ ಅಲೆಯಲು ಜಾಗ ಸಾಲದ್ದರಿಂದ ಎಂದು ನನ್ನ ಊಹೆ. ಆದರೂ ಪರಿಷೆ, ಮೆಟ್ರೋ, ವಠಾರದ ತಾರಸಿ, ಮಲ್ಲೇಶ್ವರದ ಎಂಟನೇ ಕ್ರಾಸಿನ ಗೌರಿಹಬ್ಬದ ನೂಕುನುಗ್ಗಲು ಇನ್ನೂ ಇವೆ. ದೊಡ್ಡವರ ಕಣ್ಣು ತಪ್ಪುವ ಹತ್ತು ನಿಮಿಷವನ್ನು ಹುಡುಕಿ ಹಿಡಿಯುವುದೇ ನಗರದ ಮಕ್ಕಳ ಕಾದಂಬರಿಯ ಅರ್ಧ ಕೆಲಸ.

ಉಳಿದರ್ಧ ಭಾಷೆ. ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಸ್ಟೋರಿವೀವರ್ ತಾಣದಲ್ಲಿ ಓದಿನ ಮಟ್ಟಗಳನ್ನು ಮಾಡಿದೆ: ಮೊದಲ ಮಟ್ಟಕ್ಕೆ 250 ಪದದವರೆಗೆ, ಎರಡನೆಯದಕ್ಕೆ 600ರವರೆಗೆ, ಮೂರನೆಯದಕ್ಕೆ 1500ರವರೆಗೆ. ಉಪಯುಕ್ತ ಅಳತೆಯೇ. ಆದರೆ ಕನ್ನಡದಲ್ಲಿ ಪದ ಎಣಿಸಿದರೆ ಮೋಸಹೋಗುತ್ತೇವೆ. ‘ಓಡಿಹೋಗಬೇಕಾಗಿತ್ತಂತೆ’ ಎಂಬುದು ಲೆಕ್ಕಕ್ಕೆ ಒಂದೇ ಪದ, ಎರಡನೇ ಕ್ಲಾಸಿನ ಮಗುವಿಗೆ ಒಂದು ಗುಡ್ಡ. ಕನ್ನಡದಲ್ಲಿ ಎಣಿಸಬೇಕಾದದ್ದು ಒತ್ತಕ್ಷರಗಳನ್ನು, ಕ್ರಿಯಾಪದಕ್ಕೆ ಅಂಟಿದ ಬಾಲಗಳನ್ನು. ಅದಕ್ಕಿಂತ ದೊಡ್ಡ ಶತ್ರು ಪಠ್ಯಪುಸ್ತಕದ ಗತ್ತು. ‘ಬಾಲಕಿಯು ಬೃಹತ್ ನಂದಿಯ ವಿಗ್ರಹವನ್ನು ಕುತೂಹಲದಿಂದ ವೀಕ್ಷಿಸಿದಳು’ ಎಂದು ಮೊದಲ ಕರಡು ಬರೆಯುತ್ತದೆ. ಬಸವ ಸುಮಾರು 15 ಅಡಿ ಎತ್ತರವಿದೆ ಎಂಬುದೂ ಮಗುವಿನ ಕಣ್ಣಿಗೆ ಕಟ್ಟುವುದಿಲ್ಲ. ‘ಬಸವನ ಮೂಗು ನೋಡೋದಕ್ಕೂ ಅವಳು ಕತ್ತೆತ್ತಬೇಕಿತ್ತು’ ಎಂದಾಗ ಹುಡುಗಿ ಎಷ್ಟು ಎತ್ತರ, ಎಲ್ಲಿ ನಿಂತಿದ್ದಾಳೆ ಎಲ್ಲವೂ ತಿಳಿಯಿತು.

ಕರಡು ಸರಿಯಾಗಿದೆಯೇ ಎಂದು ಹೇಳಬಲ್ಲವರು ಮಕ್ಕಳೇ. 1938ರಲ್ಲಿ ಆರ್. ಕಲ್ಯಾಣಮ್ಮನವರು ಚಾಮರಾಜಪೇಟೆಯಲ್ಲಿ ‘ಮಕ್ಕಳ ಕೂಟ’ ಕಟ್ಟಿದರು. ಕನ್ನಡ ಸಾಹಿತ್ಯ ಪರಿಷತ್ತೂ ಅದೇ ಪೇಟೆಯಲ್ಲಿದೆ. ಒಂದು ಕಡೆ ಲೇಖಕರು, ಇನ್ನೊಂದು ಕಡೆ ಮಕ್ಕಳು, ನಡೆದೇ ಹೋಗಬಹುದಾದ ದೂರ. ಆ ದೂರವನ್ನು ಅಚ್ಚಿಗೆ ಮೊದಲು ದಾಟಿದ ಹಸ್ತಪ್ರತಿಗಳು ಕಡಿಮೆ ಎಂಬ ಗುಮಾನಿ ನನಗೆ. ಗಟ್ಟಿಯಾಗಿ ಓದಿ ಹೇಳುವಾಗ ಮಕ್ಕಳು ವಿಮರ್ಶೆ ಮಾಡುವುದಿಲ್ಲ, ಪಕ್ಕದವಳ ಜಡೆ ಎಳೆಯುತ್ತಾರೆ, ನೀರು ಕುಡಿಯಲು ಏಳುತ್ತಾರೆ. ಅವರು ಎದ್ದ ಪುಟದಲ್ಲೇ ನಮ್ಮ ಉಪದೇಶ ಕೂತಿರುತ್ತದೆ. ಪ್ರಕಾಶಕರಲ್ಲಿ ಕೋರಿಕೆ ಇಷ್ಟೇ: ಮಕ್ಕಳ ಕಾದಂಬರಿಯ ಹಸ್ತಪ್ರತಿಯ ಜೊತೆ ಒಂದು ಹಾಳೆ ಕೇಳಿ ಪಡೆಯಿರಿ. ಯಾವ ತರಗತಿಗೆ ಓದಿ ಹೇಳಿದಿರಿ, ಯಾವ ಪುಟದಲ್ಲಿ ಎದ್ದರು, ಅಲ್ಲಿ ಏನು ತಿದ್ದಿದಿರಿ ಎಂಬುದು ಅದರಲ್ಲಿರಲಿ. ಹಾಳೆ ತರದವರ ಹಸ್ತಪ್ರತಿಯನ್ನು ಓದದೆಯೇ ವಾಪಸು ಕಳಿಸಿ.