ಬಾರದ ರೈಲು ಬಾರದೆಂದು ತಿಳಿಸುವ ಕಾನೂನು

2019ರ ಡಿಸೆಂಬರ್ ಎರಡನೇ ವಾರ ನಾನು ಮತ್ತು ನನ್ನ ಪತ್ನಿ ಪ್ಯಾರಿಸ್‌ನಲ್ಲಿದ್ದೆವು. ಅದೇ ತಿಂಗಳ 5ರಂದು ಆರಂಭವಾದ ಸಾರಿಗೆ ನೌಕರರ ಮುಷ್ಕರದಿಂದ ಮೆಟ್ರೊದ ಬಹುತೇಕ ಮಾರ್ಗಗಳು ಮುಚ್ಚಿದ್ದವು, ಇಲ್ಲವೇ ದಟ್ಟಣೆಯ ಹೊತ್ತಿನಲ್ಲಿ ಮಾತ್ರ ತೆರೆದಿದ್ದವು. ಚಾಲಕರಿಲ್ಲದೆ ಓಡುವ 1 ಮತ್ತು 14ನೇ ಮಾರ್ಗಗಳಿಗೆ ಮಾತ್ರ ಮುಷ್ಕರದ ಹಂಗಿರಲಿಲ್ಲ. ಇಡೀ ನಗರವೇ ಅವುಗಳ ಮೇಲೆ ಮುಗಿಬಿದ್ದುದರಿಂದ ಒಳಗೆ ಕಾಲಿಡುವುದೂ ಸಾಹಸವಾಗಿತ್ತು.

ಮುಷ್ಕರ ದಿಢೀರನೆ ಎರಗಿದ್ದೇನಲ್ಲ. ಸೆಪ್ಟೆಂಬರ್ 13ರ ಒಂದು ದಿನದ ಮುಷ್ಕರದ ಬೆನ್ನಿಗೇ ಡಿಸೆಂಬರ್ 5ರ ದಿನಾಂಕ ಘೋಷಣೆಯಾಗಿತ್ತು. ಟಿಕೆಟ್ ಮಾಡಿಕೊಟ್ಟ ಏಜೆಂಟರು ಅದನ್ನು ಹೇಳಲಿಲ್ಲ, ನಾನೂ ವಿಚಾರಿಸಲಿಲ್ಲ. ಹವಾಮಾನ, ಯೂರೊ ದರ, ಸಸ್ಯಾಹಾರದ ಹೋಟೆಲು ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡಿದ್ದವನಿಗೆ ಆ ಊರಿನಲ್ಲಿ ರೈಲು ಓಡುವುದೋ ಇಲ್ಲವೋ ಎಂದು ನೋಡಬೇಕೆನಿಸಿರಲಿಲ್ಲ. ಮೂರು ದಶಕ ಕಡತ ನೋಡಿದವರ ಪೂರ್ವಸಿದ್ಧತೆ ಇದು ಎಂದು ಪತ್ನಿ ಮೊದಲ ದಿನವೇ ಷರಾ ಬರೆದರು.

ಕಾಯೋಣ ಎಂಬುದು ನನ್ನ ವಾದ. ಮಂಡಿನೋವಿದ್ದರೂ ನಡೆದೇಬಿಡೋಣ ಎಂಬುದು ಅವರದು. ಒಂದು ಸಂಜೆ ನನ್ನ ವಾದ ಗೆದ್ದಿತು. ಮುಕ್ಕಾಲು ಗಂಟೆ ನಿಂತರೂ ರೈಲು ಬರಲಿಲ್ಲ. ಕೊನೆಗೆ ಕೊರೆಯುವ ಚಳಿಯಲ್ಲಿ ನಾಲ್ಕು ಕಿಲೋಮೀಟರ್ ನಡೆದೆವು. ರಾತ್ರಿ ಅವರ ಮಂಡಿ ಬಾತುಕೊಂಡಿತು.

ಮರುದಿನ ವಸತಿಗೃಹದ ಸಿಬ್ಬಂದಿಯೊಬ್ಬರು ಸಣ್ಣದೊಂದು ಸಂಗತಿ ತಿಳಿಸಿದರು: ನಾಳೆ ಯಾವ ಮಾರ್ಗ, ಯಾವ ಹೊತ್ತಿನಲ್ಲಿ ಓಡುತ್ತದೆಂಬ ಪಟ್ಟಿ ಇಂದು ಸಂಜೆಯೇ ಪ್ರಕಟವಾಗುತ್ತದೆ. ಅಲ್ಲಿಂದ ಮುಂದೆ ನಮ್ಮ ಜಗಳವೂ ನಿಂತಿತು. ಮರಳುವ ದಿನ ವಿಮಾನ ನಿಲ್ದಾಣದ ರೈಲು ಬೆಳಗಿನ ದಟ್ಟಣೆಯ ಹೊತ್ತಿಗಷ್ಟೇ ಎಂದು ಪಟ್ಟಿ ಹೇಳಿತು. ರಾತ್ರಿಯ ವಿಮಾನಕ್ಕೆ ಬೆಳಿಗ್ಗೆಯೇ ಹೋಗಿ, ಸೂಟ್‌ಕೇಸಿನ ಮೇಲೆ ಕಾಲು ಚಾಚಿ ದಿನವಿಡೀ ಕುಳಿತೆವು.

ಆ ಪಟ್ಟಿಯ ಹಿಂದೆ ಒಂದು ಕಾನೂನಿದೆ. ಫ್ರಾನ್ಸ್ 2007ರ ಆಗಸ್ಟ್‌ನಲ್ಲಿ ಮಾಡಿದ ಕಾಯ್ದೆಯ ಪ್ರಕಾರ, ಸೇವೆ ನಡೆಸಲು ಅಗತ್ಯವಾದ ಚಾಲಕರಂಥ ಸಿಬ್ಬಂದಿ ತಾವು ಮುಷ್ಕರಕ್ಕಿಳಿಯುವುದನ್ನು 48 ಗಂಟೆ ಮೊದಲೇ ತಿಳಿಸಬೇಕು. ಆ ಲೆಕ್ಕದ ಮೇಲೆ ಆಡಳಿತವು ಪ್ರಯಾಣಿಕರಿಗೆ 24 ಗಂಟೆ ಮೊದಲು ವೇಳಾಪಟ್ಟಿ ಕೊಡಬೇಕು. ಮುಷ್ಕರದ ಹಕ್ಕು ಹಾಗೆಯೇ ಉಳಿಯುತ್ತದೆ. ಯಾರನ್ನೂ ಬಲವಂತವಾಗಿ ಕೆಲಸಕ್ಕೆ ಎಳೆತರುವಂತಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಸೇವೆಯ ಅಭಾವಕ್ಕಿಂತ ಅದರ ಅನಿಶ್ಚಿತತೆಯೇ ದುಬಾರಿ. ಅದರ ಬೆಲೆಯನ್ನು ತೆರುವವರು ಟ್ಯಾಕ್ಸಿಗೆ ಹಣವಿಲ್ಲದವರು, ನಡೆಯಲಾಗದವರು.

ಆ ನೌಕರರ ಮೇಲೆ ಕೋಪಗೊಳ್ಳಲು ನನಗೆ ನೈತಿಕ ಹಕ್ಕೂ ಇರಲಿಲ್ಲ. ಅವರ ಹೋರಾಟ ಪಿಂಚಣಿಗಾಗಿ. ದೇಶದ 42 ಪಿಂಚಣಿ ವ್ಯವಸ್ಥೆಗಳನ್ನು ಒಂದಾಗಿಸುವ ಪ್ರಸ್ತಾವದ ವಿರುದ್ಧ. ನಾನು ಪ್ರವಾಸಕ್ಕೆ ಹೋಗಿದ್ದುದೂ ಪಿಂಚಣಿಯ ಹಣದಲ್ಲೇ. 2006ರ ಏಪ್ರಿಲ್ ನಂತರ ನಮ್ಮ ರಾಜ್ಯದ ಸೇವೆಗೆ ಸೇರಿದ ಬಹುತೇಕರಿಗೆ ಅಂಥ ನಿಶ್ಚಿತ ಪಿಂಚಣಿಯ ಭಾಗ್ಯ ದೊರೆತಿಲ್ಲ.

2021ರ ಏಪ್ರಿಲ್ 7ರಂದು ನಮ್ಮ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಮುಷ್ಕರ ಹೂಡಿದರು. ಅದು ಎರಡು ವಾರ ನಡೆಯಿತು, ನಡುವೆ ಯುಗಾದಿ. ಹಬ್ಬಕ್ಕೆ ಹೊರಟವರಿಗೆ, ತಮ್ಮೂರಿಗೆ ನಾಳೆ ಬಸ್ಸುಂಟೇ ಎಂಬುದು ನಿಲ್ದಾಣಕ್ಕೆ ಬಂದ ಮೇಲೆಯೇ ತಿಳಿಯುವಂತಿತ್ತು. ನಮ್ಮ ಕಾನೂನಿನಲ್ಲೂ ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಕಡ್ಡಾಯ. ಆದರೆ ಆ ನೋಟಿಸು ಹೋಗುವುದು ಆಡಳಿತಕ್ಕೆ. ಪ್ರಯಾಣಿಕನಿಗೂ ಅದಕ್ಕೂ ಸಂಬಂಧವಿಲ್ಲ. ನಿಗಮಗಳು ಹಿಂದಿನ ಸಂಜೆ ಘಟಕವಾರು ಪಟ್ಟಿ ಹೊರಡಿಸಿ ನಿಲ್ದಾಣಗಳಲ್ಲಿ ಅಂಟಿಸಬೇಕೆಂದು ನಿಯಮ ಮಾಡುವುದಕ್ಕೆ ಬೊಕ್ಕಸದ ಮೇಲೆ ಹೇಳಿಕೊಳ್ಳುವಂಥ ಹೊರೆಯೇನೂ ಬೀಳದು.

ಸೇವೆಯಲ್ಲಿದ್ದಾಗ ಇಂಥದೇ ಒಂದು ಮುಷ್ಕರದ ಮುನ್ನಾದಿನ ನಡೆದ ಸಭೆಯಲ್ಲಿ ನಾನೂ ಇದ್ದೆ. ಪೊಲೀಸ್ ಬಂದೋಬಸ್ತು, ಖಾಸಗಿ ವಾಹನಗಳ ಪರವಾನಗಿ, ಎಸ್ಮಾ ಜಾರಿಯ ಸಾಧ್ಯತೆ ಎಲ್ಲವೂ ಚರ್ಚೆಯಾದವು. ಪ್ರಯಾಣಿಕನಿಗೆ ಏನು ತಿಳಿಸಬೇಕೆಂಬುದು ಕಾರ್ಯಸೂಚಿಯಲ್ಲಿರಲಿಲ್ಲ. ಅದನ್ನು ಸೇರಿಸಬೇಕೆಂದು ನನಗೂ ಹೊಳೆಯಲಿಲ್ಲ.