ಆಶ್ರಿತರ ವಸತಿಯೂ ಸರಕಾರದ ಹೊಣೆಯೂ

ಮೈಲೂರ, ಭಾಲ್ಕಿ, ಔರಾದಗಳ ಜನರು ನಿರಾಶ್ರಿತನೆಂಬ ಶಬ್ದದ ಅರ್ಥವನ್ನು ಕೋಶದಲ್ಲಿ ಹುಡುಕಬೇಕಾಗಿಲ್ಲ. 1947-48ರಲ್ಲಿ ರಜಾಕಾರರ ಹಾವಳಿಗೆ ಬೆದರಿ ಈ ಸೀಮೆಯ ಅನೇಕ ಕುಟುಂಬಗಳು ಮನೆಮಾರುಗಳನ್ನು ತೊರೆದು ಗಡಿಯಾಚೆಗೆ ಹೋದವು. 1948ರ ಸಪ್ಟಂಬರದ ಪೋಲೀಸ ಕಾರ್ಯಾಚರಣೆಯ ತರುವಾಯ ಇದೇ ಬೀದರ ಜಿಲ್ಲೆಯ ಅನೇಕ ನಿರಪರಾಧಿ ಮುಸಲ್ಮಾನರಿಗೂ ಅದೇ ಗತಿಯು ಒದಗಿತೆಂಬುದಕ್ಕೆ ಪಂಡಿತ ಸುಂದರಲಾಲರ ಸಮಿತಿಯ ವರದಿಯು ಸಾಕ್ಷಿಯಾಗಿದೆ. ಓಡಿಬಂದವನು ಯಾವ ಮತದವನಾದರೂ ಕೇಳುವುದು ಇಷ್ಟೇ: ಇಂದು ಎಲ್ಲಿ ಮಲಗಲಿ, ನಾಳೆ ಎಲ್ಲಿ ದುಡಿಯಲಿ?

ಸರಕಾರಗಳು ಈ ಪ್ರಶ್ನೆಯ ಪೂರ್ವಾರ್ಧಕ್ಕೆ ಮಾತ್ರ ಉತ್ತರವೀಯುವ ವಾಡಿಕೆಯುಂಟು. ತಗಡಿನ ಚಪ್ಪರವನ್ನೆತ್ತಿ, ಅಳೆದ ಧಾನ್ಯವನ್ನಿತ್ತರೆ ಕರ್ತವ್ಯವು ತೀರಿತೆಂದು ಅವು ಭಾವಿಸುತ್ತವೆ. ನಮ್ಮ ನಾಡು ಒಮ್ಮೆ ಇದಕ್ಕಿಂತ ಮೇಲಾದ ದಾರಿಯನ್ನು ತುಳಿಯಿತು. ತಿಬೇಟಿನಿಂದ ಬಂದವರಿಗೆ ಅಂದಿನ ಮೈಸೂರು ಸರಕಾರವು 1960ರಲ್ಲಿ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲವನ್ನು ಗೇಣಿಗೆ ಕೊಟ್ಟಿತು. 1966ರಲ್ಲಿ ಮುಂಡಗೋಡದಲ್ಲಿಯೂ ನೆಲೆ ದೊರೆಯಿತು. ಮೊದಲು ಡೇರೆಗಳಲ್ಲಿ ವಾಸಿಸಿ, ಆನೆಗಳ ಕಾಟವನ್ನು ತಾಳಿದ ಆ ಜನರು ಹೊಲ, ಶಾಲೆ, ಸಹಕಾರಿ ಸಂಘಗಳ ಬಲದಿಂದ ಸ್ವಾವಲಂಬಿಗಳಾದರು.

ಆದರೆ ಅಲ್ಲಿಯೂ ನೆಲವು ಗೇಣಿಯದೇ, ಒಡೆತನದ್ದಲ್ಲ. ರಾಯಚೂರ ಜಿಲ್ಲೆಯ ಸಿಂಧನೂರಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿಗಳನ್ನು ನೆಲೆಗೊಳಿಸಲಾಯಿತು. ಅವರ ಊರುಗಳಿಗೆ ಇಂದಿಗೂ ಕ್ಯಾಂಪುಗಳೆಂದೇ ಹೆಸರು. ಅರ್ಧ ಶತಮಾನ ಕಳೆದ ಮೇಲೂ ಅವರಲ್ಲಿ ಕೆಲವರು ಪೌರತ್ವದ ಕಾಗದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಇದರ ಕಾರಣವು ಸ್ಪಷ್ಟವಾಗಿದೆ. ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆಶ್ರಿತರಿಗೆಂದೇ ಪ್ರತ್ಯೇಕ ಶಾಸನವೂ ನಮ್ಮಲ್ಲಿಲ್ಲ. ಆದಕಾರಣ ಒಬ್ಬರಿಗೆ ಹೊಲ, ಇನ್ನೊಬ್ಬರಿಗೆ ಗುಡಿಸಲು. ಎಲ್ಲವೂ ಅಧಿಕಾರಸ್ಥರ ಮರ್ಜಿಗೆ ಬಿಟ್ಟದ್ದು.

ನಮ್ಮವರಿಗೇ ಸೂರಿಲ್ಲದಿರುವಾಗ ಪರರಿಗೇಕೆಂದು ಕೆಲವು ವಾಚಕರು ಕೇಳಬಹುದು. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಹೊಸಬರಿಗಾಗಿ ಕಟ್ಟುವ ಶಾಲೆ, ಬಾವಿ, ಆಸ್ಪತ್ರೆಗಳು ನೆರೆಯ ಹಳ್ಳಿಗಳಿಗೂ ತೆರೆದಿರಬೇಕು. ಭೂಮಿಯ ಹಂಚಿಕೆಯು ಗ್ರಾಮಸ್ಥರಿಗೆ ತಿಳಿದೇ ನಡೆಯತಕ್ಕದ್ದು. ಗೇಣಿಯ ಅವಧಿಯೆಷ್ಟು, ಅದು ಮುಗಿದರೆ ಗತಿಯೇನು, ತೆರವುಗೊಳಿಸುವ ಮುನ್ನ ಯಾರೆದುರು ದಾದು ಬೇಡಬೇಕು ಎಂಬಿವು ಶಾಸನದಲ್ಲಿ ಬರೆದಿರಬೇಕು. ಅಂಥ ಶಾಸನವನ್ನು ಬೇಡುವ ಮೊದಲ ದನಿಯು, ಗಂಟುಮೂಟೆ ಹೊತ್ತು ಊರು ಬಿಟ್ಟವರನ್ನು ಕಂಡ ಈ ಜಿಲ್ಲೆಯಿಂದಲೇ ಏಳಲಿ.