ಡಾಕ್ಟರಾಗುವ ಮಕ್ಕಳು ಮತ್ತು ರೋಗಿಯ ಮಾತು

ಅದಿಯಮಾನ್‌ಕೋಟೆ ಕಡೆಯ ನಮ್ಮ ಸದಸ್ಯರಿಗೆ ದೊಡ್ಡಾಸ್ಪತ್ರೆ ಎಂದರೆ ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಈ ಕಾಲೇಜು ಶುರುವಾಗಿದ್ದು 2008ರಲ್ಲಿ. ಸೇಲಂನ ಮೋಹನ್ ಕುಮಾರಮಂಗಲಂ ಕಾಲೇಜು 1986ರದು, ಕೃಷ್ಣಗಿರಿಯದು 2022ರದು. ಇಂಥ ಆಸ್ಪತ್ರೆಗಳಲ್ಲಿ ನಮ್ಮನ್ನು ಮೊದಲು ಮಾತನಾಡಿಸುವವರು ಎಷ್ಟೋ ಸಲ ಹೌಸ್ ಸರ್ಜನ್‌ಗಳು, ಇನ್ನೂ ಕಲಿಯುತ್ತಿರುವ ಮಕ್ಕಳು. ಅವರಿಗೆ ರೋಗಿಯ ಜೊತೆ ನಡೆದುಕೊಳ್ಳುವುದನ್ನು ಯಾರು, ಹೇಗೆ ಕಲಿಸುತ್ತಾರೆ ಎಂಬುದು ಆದ್ದರಿಂದ ನಮ್ಮ ವಿಷಯವೂ ಹೌದು.

2024ರ ಫೆಬ್ರವರಿಯಲ್ಲಿ ಗದಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ, ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದ್ದಕ್ಕೆ 38 ವಿದ್ಯಾರ್ಥಿಗಳನ್ನು ಅಮಾನತು ಮಾಡಲಾಯಿತು. ‘ಈಗಿನ ಮಕ್ಕಳಿಗೆ ಕನಿಕರವೇ ಇಲ್ಲ’ ಎಂದು ಆಗ ಬಹಳ ಜನ ಹೇಳಿದರು. ಹಾಗೆ ಹೇಳಿ ಮುಗಿಸುವುದು ಸುಲಭ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ.

ಸ್ವಭಾವ ನೋಡಿ ಸೀಟು ಕೊಡಬಹುದೇ?

ನೀಟ್ ಪರೀಕ್ಷೆ ಅಳೆಯುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಮಾತ್ರ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ಹಲವು ಸಣ್ಣ ಸಂದರ್ಶನಗಳ ಮೂಲಕ ಅಭ್ಯರ್ಥಿಯ ನಡವಳಿಕೆ ನೋಡುವ ಕ್ರಮವನ್ನು ರೂಪಿಸಿತು. ಬೇರೆ ದೇಶಗಳೂ ಅದನ್ನು ಬಳಸುತ್ತಿವೆ. ಇಲ್ಲಿಯೂ ಅದು ಬೇಕೆನ್ನುವವರಿದ್ದಾರೆ. ನಮಗೆ ಒಂದು ಅಂಜಿಕೆಯಿದೆ. ಸಂದರ್ಶನದಲ್ಲಿ ಗೆಲ್ಲುವವರು ಚೆನ್ನಾಗಿ ಇಂಗ್ಲಿಷ್ ಮಾತನಾಡುವ ಪಟ್ಟಣದ ಮಕ್ಕಳೇ ಆಗಬಹುದು. 2020ರಲ್ಲಿ ತಮಿಳುನಾಡು ಸರ್ಕಾರಿ ಶಾಲೆಯ ಮಕ್ಕಳಿಗೆ ಶೇ. 7.5 ಮೀಸಲಾತಿ ಕೊಟ್ಟ ಮೇಲೆ ಒಳಗೆ ಬರುತ್ತಿರುವ ಹಳ್ಳಿಯ ಮಕ್ಕಳು ಅಲ್ಲಿ ಹಿಂದೆ ಬೀಳಬಹುದು. ರೋಗಿಯ ಕಷ್ಟ ಹತ್ತಿರದಿಂದ ಕಂಡವರು ಅವರೇ ಅಲ್ಲವೇ?

ಇನ್ನೊಂದು ಮಾತು. ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನವರು ವಿದ್ಯಾರ್ಥಿಗಳ ಸಹಾನುಭೂತಿ ಅಳೆಯಲು ಒಂದು ಪ್ರಶ್ನಾವಳಿ ಮಾಡಿದ್ದಾರೆ. 2009ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಂತೆ, ಅಲ್ಲಿನ ಮಕ್ಕಳಲ್ಲಿ ಸಹಾನುಭೂತಿ ಕುಗ್ಗಿದ್ದು ಮೂರನೆಯ ವರ್ಷದಲ್ಲಿ. ಅಂದರೆ ವಾರ್ಡಿಗೆ ಕಾಲಿಟ್ಟು ರೋಗಿಗಳನ್ನು ನೋಡತೊಡಗುವ ವರ್ಷದಲ್ಲೇ. ಎಲ್ಲ ದೇಶಗಳ ಅಧ್ಯಯನಗಳೂ ಹೀಗೇ ಹೇಳುವುದಿಲ್ಲ. ಆದರೂ ಒಳ್ಳೆಯ ಮನಸ್ಸಿನಿಂದ ಬಂದವರಲ್ಲೂ ಅದು ಸವೆಯಬಹುದು ಎಂಬುದನ್ನು ಇದು ತೋರಿಸುತ್ತದೆ.

ತನಗೆ ಸಿಕ್ಕ ಅಪರೂಪದ ನೆಲ್ಲಿಕಾಯಿಯನ್ನು ಅವ್ವೈಯಾರ್‌ಗೆ ಕೊಟ್ಟ ಅದಿಯಮಾನನ ಕಥೆ ನಮ್ಮ ಸೀಮೆಯದೇ. ಆದರೆ ಜನ ಕಿಕ್ಕಿರಿದ ಒಪಿಯನ್ನು ದೊಡ್ಡ ಮನಸ್ಸಿನವರನ್ನೇ ನಂಬಿ ನಡೆಸಲಾಗದು. ಅಲ್ಲಿ ಬೇಕಾದದ್ದು ಅಭ್ಯಾಸ: ಹೆಸರು ಕೇಳುವುದು, ಮುಟ್ಟುವ ಮೊದಲು ಹೇಳುವುದು, ಪರದೆ ಎಳೆಯುವುದು, ಉತ್ತರ ಮುಗಿಯುವವರೆಗೆ ಕಾಯುವುದು. ಇದನ್ನು ಕಲಿಸಬಹುದು. ದಣಿದವರಿಂದ ಅದು ಜಾರಿಹೋಗುತ್ತದೆ ಎಂಬುದೂ ನಿಜ. ಸ್ನಾತಕೋತ್ತರ ವೈದ್ಯರ ದುಡಿಮೆ ವಾರಕ್ಕೆ 74 ಗಂಟೆ ಮೀರಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಹೇಳಬೇಕಾಯಿತು. ಅದೇ ನವೆಂಬರಿನಲ್ಲಿ ಚೆನ್ನೈನ ಗಿಂಡಿ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಮಗ ಕ್ಯಾನ್ಸರ್ ವೈದ್ಯರಿಗೆ ಚಾಕುವಿನಿಂದ ಇರಿದ. ಅಂಜಿ ಕೆಲಸ ಮಾಡುವವರಿಂದ ಸಮಾಧಾನದ ಮಾತು ನಿರೀಕ್ಷಿಸುವುದು ಕಷ್ಟ.

ಭಾಷೆಯೂ ಚಿಕಿತ್ಸೆಯ ಭಾಗ

2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ಮನೋಭಾವ, ನೀತಿ ಮತ್ತು ಸಂವಹನದ ಪಾಠಗಳಿವೆ. ಮೊದಲ ವರ್ಷದ ಆರಂಭದಲ್ಲೇ ಸ್ಥಳೀಯ ಭಾಷೆ ಕಲಿಸಬೇಕೆಂದೂ ಇದೆ. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯ ನೋಡಿಕೊಳ್ಳುವ ಕುಟುಂಬ ದತ್ತು ಯೋಜನೆಯೂ ಬಂದಿದೆ. ಇವೆಲ್ಲ ಒಳ್ಳೆಯವೇ. ಆದರೆ ಧರ್ಮಪುರಿ, ಸೇಲಂನಲ್ಲಿ ಸ್ಥಳೀಯ ಭಾಷೆ ಎಂದರೆ ತಮಿಳು. ಮನೆಯಲ್ಲಿ ಕನ್ನಡವನ್ನೇ ಆಡುವ ನಮ್ಮ ಅಜ್ಜಿಯರ ಗತಿ?

ಸಂತೆಯಲ್ಲಿ ತಮಿಳು ಸಲೀಸಾಗಿ ಆಡುವವರೂ ನೋವು ಬಂದಾಗ ಮನೆಮಾತಿಗೇ ತಿರುಗುತ್ತಾರೆ. ಹತ್ತಿರದ ಭಾಷೆಗಳಾದ್ದರಿಂದ ಎಡವಟ್ಟು ಹೆಚ್ಚು. ‘ಹೊಟ್ಟೆಯಲ್ಲಿ ಸಂಕಟ’ ಎಂದರೆ ನಮಗೆ ಒಳಗಿನ ತಳಮಳ. ತಮಿಳಿನ ‘ಸಂಗಡಂ’ ಎಂದರೆ ಮುಜುಗರ, ತೊಂದರೆ. ನಮ್ಮ ‘ಕಾಯಿಲೆ’ ಯಾವ ರೋಗವೂ ಆಗಬಹುದು. ಅದನ್ನೇ ಹೋಲುವ ‘ಕಾಯ್ಚಲ್’ ತಮಿಳಿನಲ್ಲಿ ಜ್ವರ. ಅರ್ಥವಾಗದಿದ್ದರೂ ಮತ್ತೊಮ್ಮೆ ಕೇಳದೆ ಚೀಟಿ ಬರೆದರೆ ಅದು ಸಹಾನುಭೂತಿಯ ಕೊರತೆ ಮಾತ್ರವಲ್ಲ, ಕೆಲಸದ ಲೋಪವೂ ಹೌದು.

ನಾವು ಏನು ಮಾಡಬಹುದು?

ಸದಸ್ಯರಲ್ಲಿ ನಮ್ಮ ಕೋರಿಕೆ ಎರಡು. ನಿಮ್ಮ ಮನೆಯ ಹಿರಿಯರು ನೋವು, ಉರಿ, ಸೆಳೆತ, ಜೋಮು, ತಲೆಸುತ್ತು ಇವನ್ನು ಯಾವ ಮಾತಿನಲ್ಲಿ ಹೇಳುತ್ತಾರೋ ಹಾಗೆಯೇ ಬರೆದು ಸಂಘಕ್ಕೆ ಕಳುಹಿಸಿ. ತಮಿಳು ಅರ್ಥದೊಂದಿಗೆ ಒಂದು ಚಿಕ್ಕ ಪಟ್ಟಿ ಮಾಡಿ ವೈದ್ಯಕೀಯ ವಿದ್ಯಾರ್ಥಿಗಳ ಕೈಗೆ ತಲುಪಿಸೋಣ. ಎರಡನೆಯದು, ಮನೆಯಲ್ಲಿ ಎಂಬಿಬಿಎಸ್ ಓದುವ ಮಕ್ಕಳಿದ್ದರೆ, ರಜೆಗೆ ಬಂದಾಗ ಮಾರ್ಕ್ಸ್ ಜೊತೆಗೆ ಇದನ್ನೂ ಕೇಳಿ: ‘ಈ ಸಲ ಯಾವ ರೋಗಿಯ ಮಾತನ್ನು ಪೂರ್ತಿ ಕೇಳಿದೆಯಪ್ಪ?’